ಅಣುವಿನ ಆಕಾರವೂ ಲೆಕ್ಕದ ರಸಾಯನವೂ

ಅಣು ಎಂದರೇನು? ನಮ್ಮ ಹೊಸೂರು ಸೀಮೆಯಲ್ಲಿ ಈ ಪ್ರಶ್ನೆ ಕೇಳಿದರೆ ಎರಡು ಉತ್ತರಗಳು ಬರುತ್ತವೆ. ಕನ್ನಡದಲ್ಲಿ ವಿಜ್ಞಾನ ಓದುವ ಹುಡುಗ, ‘ಪರಮಾಣುಗಳು ಕೂಡಿ ಆದದ್ದು ಅಣು’ ಎನ್ನುತ್ತಾನೆ. ಅದೇ ಬೀದಿಯಲ್ಲಿ ತಮಿಳಿನಲ್ಲಿ ಓದುವ ಅವನ ಗೆಳೆಯ, ‘ಧಾತುವಿನ ಅತಿ ಚಿಕ್ಕ ಕಣವೇ ಅಣು’ ಎನ್ನುತ್ತಾನೆ. ಇಬ್ಬರಿಗೂ ಪೂರ್ತಿ ಅಂಕ ಕೊಡಬೇಕಾಗುತ್ತದೆ. ನಾವು ಪರಮಾಣು ಎನ್ನುವುದನ್ನು ತಮಿಳು ಪಠ್ಯಪುಸ್ತಕ ಅಣು ಎನ್ನುತ್ತದೆ. ನಮ್ಮ ಅಣುವಿಗೆ ಅಲ್ಲಿ ‘ಮೂಲಕ್ಕೂರು’ ಎಂಬ ಬೇರೆ ಹೆಸರಿದೆ. ತೆಲುಗಿನವರು ಈ ವಿಷಯದಲ್ಲಿ ನಮ್ಮ ಕಡೆ. ಹಾಗೆಂದು ನಾವು ಬೀಗುವಂತಿಲ್ಲ. ಪಾಠದಲ್ಲಿ ಪರಮಾಣು ಎಂದು ಬರೆಯಿಸುವ ನಾವೇ ಪತ್ರಿಕೆಯಲ್ಲಿ ‘ಅಣುಬಾಂಬು’, ‘ಅಣುಶಕ್ತಿ’ ಎಂದು ಓದಿ ಸುಮ್ಮನಿರುತ್ತೇವೆ.

2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ನಮ್ಮ ಮಕ್ಕಳು ಒಂದನೆಯ ತರಗತಿಯಿಂದಲೇ ಎರಡು ಲಿಪಿಗಳನ್ನು ಹೊತ್ತು ನಡೆಯುತ್ತಿದ್ದಾರೆ, ಇಂಗ್ಲಿಷನ್ನು ಸೇರಿಸಿದರೆ ಮೂರು. ಇದನ್ನು ಕಂಡ ತಂದೆತಾಯಿಗಳು ನಮ್ಮಲ್ಲಿಗೆ ಬಂದು, ‘ಕನ್ನಡದಲ್ಲಿ ವಿಜ್ಞಾನ ಓದಿ ಹುಡುಗ ಮುಂದೆ ಏನು ಮಾಡಿಯಾನು ಮೇಷ್ಟ್ರೇ?’ ಎಂದು ಕೇಳುವುದುಂಟು. ಅದು ಹೊಟ್ಟೆಪಾಡಿನ ಪ್ರಶ್ನೆ, ನಗೆಯಾಡಿ ಕಳಿಸುವಂಥದ್ದಲ್ಲ. ಆದ್ದರಿಂದ ಈ ವರ್ಷದ ಸಂಚಿಕೆಗೆ ಕವಿಗಳ ವಿಚಾರ ಬಿಟ್ಟು, ಅಣುವಿನ ವಿಚಾರವನ್ನೇ ಬರೆಯಲು ಕುಳಿತಿದ್ದೇವೆ. ಕನ್ನಡ ಮೇಷ್ಟ್ರಿಗೆ ರಸಾಯನಶಾಸ್ತ್ರವೇಕೆ ಎಂದು ವಿಜ್ಞಾನದ ಸಹೋದ್ಯೋಗಿಗಳು ಹುಬ್ಬೇರಿಸಬಾರದು. ಈ ಕಥೆ ಪದದ ಜಗಳದಿಂದಲೇ ಆರಂಭವಾಗುತ್ತದೆ.

ಜರ್ಮನಿಯಲ್ಲಿ ಕಾರ್ಲ್ಸ್‌ರೂಹೆ ಎಂಬ ಊರಿದೆ. ಅಲ್ಲಿ 1860ರ ಸೆಪ್ಟೆಂಬರ್ 3ರಂದು ಯೂರೋಪಿನ ನಾನಾ ದೇಶಗಳಿಂದ ಸುಮಾರು 140 ಮಂದಿ ರಸಾಯನಶಾಸ್ತ್ರಜ್ಞರು ಬಂದು ಸೇರಿದರು. ರಸಾಯನಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಇದೇ. ಕರೆದವರಲ್ಲಿ ಮುಖ್ಯನು ಕೆಕುಲೆ ಎಂಬ ಮೂವತ್ತರ ತರುಣ. ಕರೆದ ಕಾರಣವೇನು ಬಲ್ಲಿರಾ? ಯಾವುದನ್ನು ಪರಮಾಣು ಎನ್ನಬೇಕು, ಯಾವುದನ್ನು ಅಣು ಎನ್ನಬೇಕು ಎಂಬುದೇ ಅವರಲ್ಲಿ ಇತ್ಯರ್ಥವಾಗಿರಲಿಲ್ಲ. ನೀರನ್ನು ಕೆಲವರು ಎರಡು ಜಲಜನಕ, ಒಂದು ಆಮ್ಲಜನಕ ಎಂದು ಬರೆದರೆ ಮತ್ತೆ ಕೆಲವರು ಒಂದಕ್ಕೆ ಒಂದು ಎಂದು ಬರೆಯುತ್ತಿದ್ದರು. ನಮ್ಮ ಉಪ್ಪಿನಕಾಯಿಯ ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲಕ್ಕೆ ಆಗ ಬಳಕೆಯಲ್ಲಿದ್ದ ಹತ್ತೊಂಬತ್ತು ಬೇರೆ ಬೇರೆ ಸೂತ್ರಗಳನ್ನು ಕೆಕುಲೆ ತನ್ನ ಪುಸ್ತಕದಲ್ಲಿ ಒಟ್ಟುಮಾಡಿ ಅಚ್ಚುಹಾಕಿಸಿದ್ದಾನೆ. ಒಂದೇ ಪದಾರ್ಥ, ಹತ್ತೊಂಬತ್ತು ಹೆಸರು!

ಮೂರು ದಿನ ಚರ್ಚೆ ನಡೆಯಿತು. ಒಮ್ಮತವೇನೂ ಆಗಲಿಲ್ಲ. ಎಲ್ಲರೂ ಹೊರಡುವ ಹೊತ್ತಿಗೆ ಇಟಲಿಯ ಕನಿಜಾರೊ ಎಂಬ ಅಧ್ಯಾಪಕ ತನ್ನ ವಿದ್ಯಾರ್ಥಿಗಳಿಗಾಗಿ ಬರೆದಿದ್ದ ಪಾಠದ ಕಿರುಹೊತ್ತಗೆಯನ್ನು ಅವನ ಸ್ನೇಹಿತನೊಬ್ಬ ಕೈಗೆ ಕೈಗೆ ಹಂಚಿದ. ಅಣು ಬೇರೆ, ಪರಮಾಣು ಬೇರೆ ಎಂಬುದನ್ನು ಅದು ಲೆಕ್ಕ ಸಮೇತ ವಿವರಿಸಿತ್ತು. ಊರಿಗೆ ಹಿಂದಿರುಗುವಾಗ ಓದಿದವರಿಗೆ ವಿಷಯ ತಿಳಿಯಾಯಿತು. ಸಭೆಯಲ್ಲಿದ್ದ ರಷ್ಯದ ಮೆಂಡಲೀವ್ ಅಲ್ಲಿಂದಲೇ ತನ್ನ ಗುರುವಿಗೆ ಕಾಗದ ಬರೆದ. ಒಂಬತ್ತು ವರ್ಷದ ಬಳಿಕ, 1869ರಲ್ಲಿ, ಆವರ್ತ ಕೋಷ್ಟಕವನ್ನು ಕೊಟ್ಟ. ನಿಮ್ಮ ವಿಜ್ಞಾನದ ಕೊಠಡಿಯ ಗೋಡೆಯ ಮೇಲೆ ತೂಗುಹಾಕಿರುವ ಪಟದ ಮೂಲ ಅದು. ಸಮ್ಮೇಳನವೆಂದರೆ ಶಾಲು, ಹಾರ, ವಂದನಾರ್ಪಣೆ ಎಂದು ತಿಳಿದಿರುವ ನಮಗೆ, ಒಬ್ಬ ಮೇಷ್ಟ್ರ ಪಾಠದ ಟಿಪ್ಪಣಿ ಇಡೀ ಸಭೆಯನ್ನು ಗೆದ್ದಿತೆಂಬುದು ಒಳಗೊಳಗೇ ಸಂತೋಷ ಕೊಡುವ ಸಂಗತಿ.

ಪದ ತೀರ್ಮಾನವಾಯಿತು. ಮುಂದಿನ ಪ್ರಶ್ನೆ ಆಕಾರದ್ದು. ಅಣುವಿನಲ್ಲಿ ಯಾವ ಯಾವ ಪರಮಾಣು ಎಷ್ಟೆಷ್ಟು ಇವೆ ಎಂದರೆ ಸಾಲದು. ಅವು ಹೇಗೆ ನಿಂತಿವೆ? ಇದನ್ನು ತಿಳಿಯಲು ಮಕ್ಕಳು ನಾಲ್ಕು ಬಲೂನು ತಂದುಕೊಳ್ಳಬೇಕು. ಚಂದ್ರಚೂಡೇಶ್ವರನ ತೇರಿನ ದಿನವಾದರೆ ಸುಲಭವಾಗಿ ಸಿಕ್ಕುತ್ತವೆ. ಒಂದೇ ಅಳತೆಗೆ ಊದಿ, ಎರಡು ಬಲೂನುಗಳ ಬಾಯಿಯನ್ನು ಒಟ್ಟಿಗೆ ಬಿಗಿಯಾಗಿ ಕಟ್ಟಿ. ಅವು ಎದುರುಬದುರಾಗಿ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಮೂರನೆಯದನ್ನು ಸೇರಿಸಿ ಕಟ್ಟಿ. ಮೂರೂ ಮೂರು ದಿಕ್ಕಿಗೆ ಚಾಚಿಕೊಳ್ಳುತ್ತವೆ, ನಡುವಿನ ಕೋನ 120 ಡಿಗ್ರಿ. ಈಗ ನಾಲ್ಕನೆಯದು. ಕೂಡಿಸು ಚಿಹ್ನೆಯಂತೆ ಚಪ್ಪಟೆಯಾಗಿ ನಿಂತೀತೆಂದು ನೀವು ಎಣಿಸುತ್ತೀರಿ. ನಿಲ್ಲುವುದಿಲ್ಲ. ಒಂದು ಮೇಲೆದ್ದು, ಉಳಿದ ಮೂರು ಮುಕ್ಕಾಲಿಯ ಕಾಲಿನಂತೆ ಕೆಳಗೆ ಹರಡುತ್ತವೆ. ಅದುಮಿ ಚಪ್ಪಟೆ ಮಾಡಿದರೂ ಕೈ ಬಿಟ್ಟೊಡನೆ ಮತ್ತೆ ಹಾಗೆಯೇ ಎದ್ದು ಕೂರುತ್ತವೆ. ಆಗ ಯಾವ ಎರಡನ್ನು ಅಳೆದರೂ ಕೋನ ಸುಮಾರು 109.5 ಡಿಗ್ರಿ.

ಪರಮಾಣುವಿನ ಸುತ್ತ ಇರುವ ಇಲೆಕ್ಟ್ರಾನು ಜೋಡಿಗಳೂ ಹೀಗೆಯೇ ಒಂದನ್ನೊಂದು ದೂರ ತಳ್ಳುತ್ತವೆ. ಆದ್ದರಿಂದಲೇ ಇಂಗಾಲದ ಡೈಆಕ್ಸೈಡು ನೆಟ್ಟಗಿನ ಕಡ್ಡಿ. ಸಗಣಿ ಅನಿಲದ ಮೀಥೇನು ನಾಲ್ಕು ಮೂಲೆಯ ಮುಕ್ಕಾಲಿ. ನೀರಿನಲ್ಲಿ ನಾಲ್ಕು ಬಲೂನುಗಳ ಪೈಕಿ ಎರಡಕ್ಕೆ ಮಾತ್ರ ಜಲಜನಕ ಅಂಟಿಕೊಂಡಿರುತ್ತದೆ, ಉಳಿದೆರಡು ಬರಿದೇ ಉಬ್ಬಿ ಜಾಗ ಹಿಡಿಯುತ್ತವೆ. ಹಾಗಾಗಿ ನೀರಿನ ಅಣು 104.5 ಡಿಗ್ರಿಗೆ ಬಾಗಿದೆ. ಇಷ್ಟು ಚಿಕ್ಕ ಬಾಗಿನಿಂದ ಏನಾದೀತು ಎನ್ನಬೇಡಿ. ಬಾಗಿರುವುದರಿಂದಲೇ ನೀರಿನ ಅಣುವಿನ ಒಂದು ಪಕ್ಕದಲ್ಲಿ ಋಣ ವಿದ್ಯುತ್ತು, ಇನ್ನೊಂದು ಪಕ್ಕದಲ್ಲಿ ಧನ ವಿದ್ಯುತ್ತು ಹೆಚ್ಚಾಗಿ, ಅದು ಉಪ್ಪನ್ನು ಬಿಡಿಸಿ ಕರಗಿಸಬಲ್ಲದು. ನೀರು ನೆಟ್ಟಗಿದ್ದಿದ್ದರೆ ಅಮ್ಮನ ಸಾರಿನಲ್ಲಿ ಉಪ್ಪು ತಳದಲ್ಲೇ ಕೂತಿರುತ್ತಿತ್ತು.

ಈ ಬಲೂನು ಆಟವನ್ನು ಹುಡುಗಾಟವೆನ್ನುವ ಹಿರಿಯರಿಗೆ ಎರಡು ಸಂಗತಿ ಹೇಳಬೇಕು. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಾಫ್‌ಮನ್ ಎಂಬ ಪ್ರಾಧ್ಯಾಪಕ ಸಾರ್ವಜನಿಕ ಉಪನ್ಯಾಸ ಕೊಟ್ಟಾಗ ಮೇಜಿನ ಮೇಲೆ ತಂದಿಟ್ಟದ್ದು ಹುಲ್ಲುಹಾಸಿನ ಮೇಲೆ ಆಡುವ ಕ್ರೋಕೆ ಆಟದ ಮರದ ಚೆಂಡುಗಳನ್ನು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳಿ, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ ಬಣ್ಣ ಬಳಿದು ಕಡ್ಡಿಗಳಿಂದ ಜೋಡಿಸಿದ್ದ. ಇಂದು ಗಣಕಯಂತ್ರದ ಪರದೆಯ ಮೇಲೆ ಯಾವ ದೇಶದ ವಿಜ್ಞಾನಿ ಅಣುವಿನ ಚಿತ್ರ ತೆರೆದರೂ ಆಮ್ಲಜನಕ ಕೆಂಪಾಗಿ, ಸಾರಜನಕ ನೀಲಿಯಾಗಿ ಕಾಣುವುದು ಆ ಆಟದ ಚೆಂಡುಗಳ ಋಣ.

ಆದರೆ ಹಾಫ್‌ಮನ್ನನ ಮಾದರಿಗಳು ಚಪ್ಪಟೆಯಾಗಿದ್ದವು. ಅವನ್ನು ಎಬ್ಬಿಸಿ ನಿಲ್ಲಿಸಿದವನು ಹಾಲೆಂಡಿನ ವಾಂಟ್ ಹಾಫ್. 1874ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಇವನೂ ಕಾಗದದಲ್ಲಿ ಪುಟ್ಟ ಪುಟ್ಟ ಚತುರ್ಮುಖಿಗಳನ್ನು ಮಡಿಸಿ ಪರಿಚಿತ ವಿಜ್ಞಾನಿಗಳಿಗೆ ಕಳುಹಿಸಿದ. ಜರ್ಮನಿಯ ಕೋಲ್ಬೆ ಎಂಬ ಹೆಸರಾಂತ ಹಿರಿಯರು ಅಚ್ಚಿನಲ್ಲೇ ಅವನನ್ನು ಗೇಲಿ ಮಾಡಿದರು. ದನದ ವೈದ್ಯಶಾಲೆಯಲ್ಲಿ ಕೆಲಸಕ್ಕಿದ್ದವನಿಗೆ ಇದೆಲ್ಲ ಏಕೆ ಎಂಬ ಧಾಟಿಯಲ್ಲಿ. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಆ ಕಾಗದ ಮಡಿಸಿದವನಿಗೇ ಬಂತು, ಬೇರೆ ಕೆಲಸಕ್ಕಾಗಿ ಎಂಬುದನ್ನೂ ಹೇಳಿಬಿಡಬೇಕು.

ನೀವೂ ಮಡಿಸಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಮೂರು ಪಕ್ಕವೂ 12 ಸೆಂಟಿಮೀಟರಿರುವ ತ್ರಿಕೋನ ಕತ್ತರಿಸಿ. ಪ್ರತಿ ಪಕ್ಕದ ಮಧ್ಯಬಿಂದುವನ್ನು 6ಕ್ಕೆ ಗುರುತುಮಾಡಿ, ಆ ಬಿಂದುಗಳನ್ನು ಕೂಡಿಸುವ ಗೆರೆಯ ಮೇಲೆ ಮಡಿಸಿದರೆ ಮೂರು ಮೂಲೆಗಳೂ ಮೇಲೆ ಬಂದು ಒಂದಾಗುತ್ತವೆ. ಇದೇ ಚತುರ್ಮುಖಿ. ಇಂಥವೆರಡು ಮಾಡಿ, ನಾಲ್ಕು ಮೂಲೆಗೆ ನಾಲ್ಕು ಬಣ್ಣ ಹಚ್ಚಿ. ಎರಡನೆಯದಕ್ಕೆ ಮಾತ್ರ ಯಾವುದಾದರೂ ಎರಡು ಬಣ್ಣಗಳನ್ನು ಅದಲುಬದಲು ಮಾಡಿ. ಈಗ ಎಷ್ಟು ತಿರುಗಿಸಿದರೂ ಒಂದು ಇನ್ನೊಂದರಂತೆ ಕೂರುವುದಿಲ್ಲ. ಎಡಗೈ ಬಲಗೈಗಳಂತೆ, ಇವು ಒಂದಕ್ಕೊಂದು ಕನ್ನಡಿಯ ಬಿಂಬ.

ಇದರಿಂದೇನು ಪ್ರಯೋಜನ ಎಂದು ಅಮ್ಮ ಕೇಳಿದರೆ ಅವರನ್ನೇ ಅಡಿಗೆಮನೆಗೆ ಕರೆದುಕೊಂಡು ಹೋಗಿ. ಕಾರ್ವೋನ್ ಎಂಬ ಅಣು ಎಡ, ಬಲ ಎರಡು ರೂಪದಲ್ಲಿದೆ. ಪುದೀನ ಜಾತಿಯ ಒಂದು ಸೊಪ್ಪಿನಲ್ಲಿ ಒಂದು ರೂಪ, ಸಬ್ಬಸಿಗೆಯ ಬೀಜದಲ್ಲಿ ಮತ್ತೊಂದು. ಪರಮಾಣುಗಳು ಅವೇ, ಲೆಕ್ಕವೂ ಅದೇ, ಕೊಂಡಿಗಳೂ ಅವೇ. ಕೈ ಮಾತ್ರ ಬೇರೆ. ಆದರೆ ನಮ್ಮ ಮೂಗಿಗೆ ಎರಡೂ ಒಂದೇ ವಾಸನೆಯಲ್ಲ. ಕಣ್ಣು ಮುಚ್ಚಿ ಮೂಸಿ ನೋಡಿದವರು ಎಂದೂ ಮರೆಯುವುದಿಲ್ಲ.

ಇನ್ನು ಲೆಕ್ಕದ ಮಾತಿಗೆ ಬರೋಣ. ಬಲೂನು ಹೇಳುವುದು ಸ್ಥೂಲ. 109 ಅಲ್ಲ, 104.5 ಎಂಬುದನ್ನು ಅದು ಹೇಳಲಾರದು. 1920ರ ದಶಕದಲ್ಲಿ ಇಲೆಕ್ಟ್ರಾನುಗಳ ನಡತೆಯನ್ನು ತಿಳಿಸುವ ಸಮೀಕರಣ ಸಿಕ್ಕಿತು. ಆದರೆ ಅದನ್ನು ಬಿಡಿಸುವುದು ಸಾಮಾನ್ಯದ ಕೆಲಸವಲ್ಲ. ನೀರಿನ ಒಂದು ಅಣುವಿನಲ್ಲಿ 10 ಇಲೆಕ್ಟ್ರಾನುಗಳಿವೆ. ಒಂದೊಂದೂ ಉಳಿದ ಒಂಬತ್ತನ್ನು ತಳ್ಳುತ್ತದೆ. ಮೊದಲನೆಯದು ಎಲ್ಲಿದೆ ಎಂದು ತಿಳಿಯಲು ಉಳಿದವು ಎಲ್ಲಿವೆ ಎಂಬುದು ಗೊತ್ತಿರಬೇಕು. ಅವು ಎಲ್ಲಿವೆ ಎಂದು ತಿಳಿಯಲು ಮೊದಲನೆಯದು ಗೊತ್ತಿರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದ ಹಾಗೆ.

ಈ ಗಂಟನ್ನು ಸಡಿಲಿಸಿದವನು ಇಂಗ್ಲೆಂಡಿನ ಡಗ್ಲಸ್ ಹಾರ್ಟ್ರಿ, 1928ರ ಸುಮಾರಿಗೆ. ಅವನ ಉಪಾಯ ಸಾರಿಗೆ ಉಪ್ಪು ಹಾಕುವ ಉಪಾಯವೇ. ಮೊದಲು ಅಂದಾಜಿನ ಮೇಲೆ ಇಲೆಕ್ಟ್ರಾನುಗಳು ಹೀಗಿವೆ ಎಂದು ಇಟ್ಟುಕೋ. ಅದರಿಂದ ಒಂದೊಂದರ ಸ್ಥಿತಿಯನ್ನು ಲೆಕ್ಕಹಾಕು. ಬಂದ ಉತ್ತರವನ್ನೇ ಹೊಸ ಅಂದಾಜಾಗಿ ಹಿಡಿದು ಮತ್ತೆ ಲೆಕ್ಕಹಾಕು. ಹೀಗೆ ರುಚಿ ನೋಡುತ್ತಾ, ತಿದ್ದುತ್ತಾ, ಇನ್ನು ಉತ್ತರ ಬದಲಾಗುವುದಿಲ್ಲ ಎಂಬ ಹಂತಕ್ಕೆ ಬಂದಾಗ ನಿಲ್ಲಿಸು. ಇಂದಿಗೂ ಗಣಕ ರಸಾಯನದ ಲೆಕ್ಕಗಳಲ್ಲಿ ಬಹುಪಾಲು ನಡೆಯುವುದು ಈ ಜಾಡಿನಲ್ಲಿಯೇ.

ನಮಗೆ ಹೆಚ್ಚು ಹಿಡಿಸಿದ್ದು ಇದರ ಮನೆಯ ಕಥೆ. ಆಗ ಗಣಕಯಂತ್ರವಿರಲಿಲ್ಲ. ಒಂದು ಪರಮಾಣುವಿನ ಲೆಕ್ಕಕ್ಕೆ ಹಾಳೆಗಟ್ಟಲೆ ಅಂಕಿಗಳು, ದಿನಗಟ್ಟಲೆ ದುಡಿತ. ಈ ದುಡಿತಕ್ಕೆ ಡಗ್ಲಸ್‌ನ ಜೊತೆಗೆ ಕುಳಿತವರು ಅವನ ತಂದೆ ವಿಲಿಯಂ ಹಾರ್ಟ್ರಿ, ಕೇಂಬ್ರಿಜಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳಿ ಬಿಟ್ಟಿದ್ದವರು. ಮಗ ಸಮೀಕರಣ ಹೂಡುವುದು, ಅಪ್ಪ ಅಂಕಿ ಹಾಕುವುದು. 1930ರ ದಶಕದ ಹಲವು ಪ್ರಬಂಧಗಳ ತಲೆಯಲ್ಲಿ ತಂದೆ ಮಗ ಇಬ್ಬರ ಹೆಸರೂ ಜೊತೆಯಾಗಿವೆ. ತಾಯಿ ಈವಾ ಹಾರ್ಟ್ರಿಯವರೂ ಕಡಿಮೆಯವರಲ್ಲ, 1924ರಲ್ಲಿ ಕೇಂಬ್ರಿಜ್ ಪಟ್ಟಣದ ಮೊದಲ ಮಹಿಳಾ ಮೇಯರ್ ಆದವರು. ಮುಂದೆ, 1934ರಲ್ಲಿ, ಡಗ್ಲಸ್ ತನ್ನ ವಿದ್ಯಾರ್ಥಿಯೊಬ್ಬನೊಡನೆ ಕೂಡಿ ಮೆಕ್ಯಾನೋ ಎಂಬ ಮಕ್ಕಳ ಆಟಿಕೆಯ ಪಟ್ಟಿ, ಚಕ್ರ, ತಿರುಪುಗಳಿಂದಲೇ ಕಠಿಣ ಸಮೀಕರಣ ಬಿಡಿಸುವ ಯಂತ್ರವೊಂದನ್ನು ಕಟ್ಟಿದ. ಖರ್ಚು ಸುಮಾರು 20 ಪೌಂಡು. ಆಟಿಕೆಯ ಯಂತ್ರ ಕೊಟ್ಟ ಉತ್ತರ ಪರಮಾಣುವಿನ ಲೆಕ್ಕಕ್ಕೂ ಬಳಕೆಯಾಯಿತು. ಅದನ್ನು ನೋಡಿದ ಮೇಲೆ ದೊಡ್ಡ ಯಂತ್ರಕ್ಕೆ ಹಣ ಹುಟ್ಟಿತು, 1935ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅದೂ ಸಿದ್ಧವಾಯಿತು.

ಎಲ್ಲರ ಮನೆಯಲ್ಲೂ ವಿಲಿಯಂ ಹಾರ್ಟ್ರಿ ಇರುವುದಿಲ್ಲ, ನಿಜ. ಜಾನ್ ಪೋಪಲ್ ಎಂಬವರ ತಂದೆ ಇಂಗ್ಲೆಂಡಿನ ಸಮುದ್ರದಂಡೆಯ ಸಣ್ಣ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಆ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಹನ್ನೆರಡರ ಹುಡುಗ ಜಾನ್ ಯಾರೋ ಕಸದ ಬುಟ್ಟಿಗೆ ಎಸೆದಿದ್ದ ಕಲನಶಾಸ್ತ್ರದ ಪುಸ್ತಕವನ್ನು ಎತ್ತಿಕೊಂಡು ತಾನೇ ಕಲಿತ. ಹೆಚ್ಚು ಬುದ್ಧಿವಂತನೆಂದು ಎದ್ದುಕಾಣಬಾರದೆಂದು ಕೆಲಕಾಲ ಲೆಕ್ಕದಲ್ಲಿ ಬೇಕೆಂದೇ ತಪ್ಪು ಮಾಡುತ್ತಿದ್ದನಂತೆ. (ನಮ್ಮ ಹತ್ತನೆಯ ತರಗತಿಯವರು ಈ ಮಾತನ್ನು ಉತ್ತರಪತ್ರಿಕೆಯ ದಿನ ನಮಗೆ ನೆನಪಿಸದಿದ್ದರೆ ಉಪಕಾರ.) ಇವರೇ ಮುಂದೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಸಂಗಡಿಗರೊಡನೆ ‘ಗೌಸಿಯನ್ 70’ ಎಂಬ ಕ್ರಮವಿಧಿಯನ್ನು 1970ರಲ್ಲಿ ಹೊರತಂದರು. ಪರಮಾಣುಗಳ ಪಟ್ಟಿ ಕೊಟ್ಟರೆ ಗಣಕಯಂತ್ರವೇ ಇಲೆಕ್ಟ್ರಾನುಗಳ ಲೆಕ್ಕ ನಡೆಸಿ ಅಣುವಿನ ಆಕಾರ, ಶಕ್ತಿಗಳನ್ನು ಹೇಳುವಂತಾಯಿತು. 1998ರಲ್ಲಿ ವಾಲ್ಟರ್ ಕೋನ್ ಅವರೊಡನೆ ನೊಬೆಲ್ ಬಹುಮಾನ ಹಂಚಿಕೊಂಡರು.

ಈ ಲೆಕ್ಕಿಗರ ಕೂಟಗಳೂ ಜಗಳವಿಲ್ಲದೆ ನಡೆದಿಲ್ಲ. 1959ರಲ್ಲಿ ಅಮೆರಿಕದ ಬೌಲ್ಡರ್ ಎಂಬಲ್ಲಿ ನಡೆದ ಸಮ್ಮೇಳನದ ಔತಣದಲ್ಲಿ ಕೌಲ್ಸನ್ ಎಂಬ ಹಿರಿಯರು ಮಾತನಾಡುತ್ತಾ, ನಮ್ಮಲ್ಲಿ ಎರಡು ಪಂಗಡವಾಗಿದೆ ಎಂದು ಎಲ್ಲರೆದುರೇ ಹೇಳಿಬಿಟ್ಟರು. ಯಂತ್ರದಿಂದ ಅಂಕಿಯನ್ನು ನಿಖರವಾಗಿ ತೆಗೆಯುವುದೇ ಗುರಿ ಎನ್ನುವವರು ಒಂದು ಕಡೆ, ಅಂಕಿಯ ಹಿಂದಿನ ಅರ್ಥ ತಿಳಿಯದಿದ್ದರೆ ಅಂಕಿ ಯಾತಕ್ಕೆ ಎನ್ನುವವರು ಇನ್ನೊಂದು ಕಡೆ. ಕಂಠಪಾಠದ ವಿಷಯದಲ್ಲಿ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಡೆಯುವ ವಾದ ಇದಕ್ಕಿಂತ ಬಹಳ ಬೇರೆಯಲ್ಲ.

ಇದೆಲ್ಲ ದೂರದೇಶದ ಮಾತಾಯಿತು, ನಮ್ಮ ಸೀಮೆಯಲ್ಲೇನಿದೆ ಎಂದು ಕೇಳುವವರಿಗೆ ಉತ್ತರ ಮದರಾಸಿನಲ್ಲಿದೆ. ಜಿ. ಎನ್. ರಾಮಚಂದ್ರನ್ 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಹುಟ್ಟಿದರು. ತಂದೆ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಗಣಿತದ ಗೀಳು ಮನೆಯಲ್ಲೇ ಹತ್ತಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ಓದಲು ಬಂದವರನ್ನು ಸರ್ ಸಿ. ವಿ. ರಾಮನ್ ಭೌತಶಾಸ್ತ್ರಕ್ಕೆ ಸೆಳೆದುಕೊಂಡರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಮದರಾಸಿಗೆ ಭೇಟಿಕೊಟ್ಟ ಬರ್ನಾಲ್ ಎಂಬ ವಿಜ್ಞಾನಿ, ಕೊಲಾಜನ್ನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಎಂದು ಮಾತಿನ ನಡುವೆ ಹೇಳಿದರು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿರುವ ಪ್ರೋಟೀನು ಅದು. ರಾಮಚಂದ್ರನ್ ಅದನ್ನೇ ಹಿಡಿದರು. ಶಿಷ್ಯ ಗೋಪಿನಾಥ ಕರ್ತಾರೊಡನೆ 1954ರಲ್ಲಿ ಉತ್ತರ ಪ್ರಕಟಿಸಿದರು: ಮೂರು ಎಳೆಗಳು ಒಂದರ ಸುತ್ತ ಒಂದು ಹುರಿಗೊಂಡ ಹಗ್ಗ. ಜಡೆಯೆಂದು ಕೆಲವರು ಹೋಲಿಸುತ್ತಾರೆ. ಜಡೆಯಲ್ಲ, ಬಾವಿಯ ಹಗ್ಗವೇ ಸರಿಯಾದ ಹೋಲಿಕೆ.

ಇಂಗ್ಲೆಂಡಿನಿಂದ ಆಕ್ಷೇಪ ಬಂತು. ಕ್ರಿಕ್ ಮತ್ತು ರಿಚ್ ಎಂಬಿಬ್ಬರು, ಈ ಹಗ್ಗದಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರವಾಗಿವೆ, ಹಾಗೆ ಇರಲಾರವು ಎಂದರು. ಸುಮ್ಮನೆ ಮುನಿಸಿಕೊಂಡು ಕೂರಬಹುದಿತ್ತು. ರಾಮಚಂದ್ರನ್ ಕೇಳಿದ ಪ್ರಶ್ನೆ ಬೇರೆ: ಹಾಗಾದರೆ ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಹುದು? ಆವರೆಗೆ ಪ್ರಕಟವಾಗಿದ್ದ ಹರಳುಗಳ ಅಳತೆಗಳನ್ನೆಲ್ಲ ಹುಡುಕಿ ಕಲೆಹಾಕಿದರು. ಪ್ರೋಟೀನೆಂಬುದು ಉದ್ದದ ಸರಪಣಿ. ಪ್ರತಿ ಕೊಂಡಿಯಲ್ಲಿ ಎರಡು ಕಡೆ ತಿರುಗಲು ಅವಕಾಶವಿದೆ. ಒಂದು ತಿರುವನ್ನು ಅಡ್ಡಗೆರೆಯಲ್ಲಿ, ಇನ್ನೊಂದನ್ನು ಉದ್ದಗೆರೆಯಲ್ಲಿ ಗುರುತಿಸಿ, ಹೀಗೆ ತಿರುಗಿದರೆ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆಯೇ ಎಂದು ಒಂದೊಂದು ಕೋನಕ್ಕೂ ಲೆಕ್ಕಹಾಕಬೇಕು. ಒಂದೇ ಬೆಂಚಿನಲ್ಲಿ ಐವರು ಕೂತು ಬರೆಯುವಾಗ ಯಾರ ಮೊಣಕೈ ಯಾರಿಗೆ ತಾಗದೆ ಎಷ್ಟು ಅಲುಗಬಹುದು ಎಂಬ ಲೆಕ್ಕ ಇದು. ರಾಮಕೃಷ್ಣನ್, ಶಶಿಶೇಖರನ್ ಎಂಬ ಶಿಷ್ಯರು ಮೇಜಿನ ಮೇಲಿಡುವ ಲೆಕ್ಕಯಂತ್ರ ಇಟ್ಟುಕೊಂಡು ಈ ಕೆಲಸ ಮಾಡಿದರು. 1963ರಲ್ಲಿ ಹೊರಬಂದ ಆ ನಕ್ಷೆಯಲ್ಲಿ ಹಾಳೆಯ ಬಹುಭಾಗ ನಿಷಿದ್ಧ; ಅಲ್ಲೊಂದು ಇಲ್ಲೊಂದು ದ್ವೀಪದಲ್ಲಿ ಮಾತ್ರ ಸರಪಣಿ ಆರಾಮವಾಗಿರಬಲ್ಲದು.

ಅದೇ 1963ರಲ್ಲಿ, ಮತ್ತೆ 1967ರಲ್ಲಿ, ಪ್ರೋಟೀನುಗಳ ರಚನೆಯನ್ನು ಕುರಿತು ಮದರಾಸಿನಲ್ಲೇ ಅಂತರರಾಷ್ಟ್ರೀಯ ವಿಚಾರಗೋಷ್ಠಿಗಳನ್ನು ರಾಮಚಂದ್ರನ್ ಏರ್ಪಡಿಸಿದರು. ಹೊರದೇಶದ ಆಕ್ಷೇಪಗಳನ್ನು ಅಂಚೆಯಲ್ಲಿ ಓದುತ್ತಿದ್ದ ಊರಿಗೆ ಹೊರದೇಶದವರೇ ಬಂದು ಕುಳಿತು ಚರ್ಚಿಸುವಂತಾಯಿತು. ಮುಂದೆ 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮರಳಿ ಅಲ್ಲಿ ಹೊಸ ವಿಭಾಗವನ್ನು ಕಟ್ಟಿದರು. 2001ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಮದರಾಸು, ಬೆಂಗಳೂರುಗಳ ನಡುವಿನ ರಸ್ತೆಯ ಮೇಲೆ ನಿಂತಿರುವ ಕೃಷ್ಣಗಿರಿ, ಹೊಸೂರುಗಳ ಮಕ್ಕಳು ಇದನ್ನು ತಿಳಿದಿರಬೇಡವೇ? ಗಣಕಯಂತ್ರದಿಂದ ಪ್ರೋಟೀನುಗಳ ಆಕಾರ ಊಹಿಸಿದ್ದಕ್ಕಾಗಿ 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಭಾಗ ಹಸಾಬಿಸ್ ಮತ್ತು ಜಂಪರ್ ಎಂಬವರಿಗೆ ಬಂತು. ಇಂದಿಗೂ ಯಾರು ಪ್ರೋಟೀನಿನ ಹೊಸ ರಚನೆ ಕೊಟ್ಟರೂ, ಅದು ಸರಿಯಿದೆಯೇ ಎಂದು ಒರೆಹಚ್ಚುವುದು ರಾಮಚಂದ್ರನ್ನರ ನಕ್ಷೆಯ ಮೇಲೆ.

ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕ ಬಂದಿದೆ. ಅದರ ವೇಗ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ನಮ್ಮ ಊರಿನಿಂದ ಆ ಊರಿಗೆ ಸುಮಾರು 40 ಕಿಲೋಮೀಟರು. ಕನ್ನಡದ ಮಾತನಾಡುವಾಗ ಸಿ. ಎನ್. ಆರ್. ರಾವ್ ಅವರನ್ನೂ ನೆನೆಯಬೇಕು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿ, ಘನಸ್ಥಿತಿಯ ರಸಾಯನದಲ್ಲಿ ಹೆಸರಾಗಿ, 2014ರಲ್ಲಿ ಭಾರತರತ್ನ ಪಡೆದವರು. ಅವರೂ ಪತ್ನಿ ಇಂದುಮತಿಯವರೂ ಕೂಡಿ ಶಾಲೆಯ ಮಕ್ಕಳಿಗಾಗಿ ವಿಜ್ಞಾನದ ಪುಸ್ತಕಗಳನ್ನು ಬರೆದಿದ್ದಾರೆ.

ಇಷ್ಟು ಓದಿದ ಪೋಷಕರು ನಮ್ಮ ಜಿಲ್ಲೆಯ ಮಾವಿನ ವಿಷಯವನ್ನೂ ಓದಲೇಬೇಕು. ಮಾವು ತಾನಾಗಿ ಹಣ್ಣಾಗುವುದು ಎಥಿಲೀನ್ ಎಂಬ ಅನಿಲದಿಂದ. ಎರಡು ಇಂಗಾಲ, ನಾಲ್ಕು ಜಲಜನಕ. ಚಪ್ಪಟೆಯ ಪುಟ್ಟ ಅಣು. ಕಾಯಿಯೇ ಅದನ್ನು ಹೊರಬಿಡುತ್ತದೆ, ಕಾಯಿಯ ಜೀವಕೋಶದ ಪ್ರೋಟೀನೇ ಅದನ್ನು ಗುರುತಿಸುತ್ತದೆ. ಆ ಪ್ರೋಟೀನಿನ ಒಳಗೆ ತಾಮ್ರದ ಪರಮಾಣು ಕೂತಿದೆ. ಎಥಿಲೀನಿನ ನಡುವಣ ಜೋಡಿಕೊಂಡಿ ಬಂದು ತಾಮ್ರಕ್ಕೆ ತಾಗಿದರೆ ‘ಹಣ್ಣಾಗು’ ಎಂಬ ಅಪ್ಪಣೆಯಾಗುತ್ತದೆ. ಹುಲ್ಲಿನಲ್ಲಿ ಮುಚ್ಚಿಟ್ಟ ಕಾಯಿ ಬೇಗ ಹಣ್ಣಾಗುವುದು ಈ ಅನಿಲ ಅಲ್ಲೇ ನಿಲ್ಲುವುದರಿಂದ. ಕಾರ್ಬೈಡ್ ಕಲ್ಲಿಗೆ ತೇವ ತಾಗಿದರೆ ಬರುವುದು ಅಸಿಟಿಲೀನ್. ಎರಡು ಇಂಗಾಲ, ಎರಡೇ ಜಲಜನಕ, ನೆಟ್ಟಗಿನ ಕಡ್ಡಿ. ಆಕಾರ ಬೇರೆಯಾದರೂ ಗಾತ್ರ ಹತ್ತಿರ, ನಡುವಿನ ಕೊಂಡಿಯಲ್ಲಿ ಇಲೆಕ್ಟ್ರಾನು ಹೇರಳ. ಕಳ್ಳ ಬೀಗದ ಕೈಯಂತೆ ಅದೂ ಒಳಹೊಕ್ಕು ತಾಮ್ರಕ್ಕೆ ತಾಗುತ್ತದೆ. ಆದರೆ ಸಡಿಲವಾದ ಕೈ, ಹೆಚ್ಚು ಪ್ರಮಾಣ ಬೇಕು. ಜೊತೆಗೆ ಮಾರುಕಟ್ಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಅಂಶವಿರುತ್ತದೆ. ಆದ್ದರಿಂದಲೇ ನಮ್ಮ ದೇಶದಲ್ಲಿ ಅದರಿಂದ ಹಣ್ಣು ಮಾಡುವುದು ನಿಷಿದ್ಧ; ಎಥಿಲೀನ್ ಅನಿಲಕ್ಕೆ ಮಾತ್ರ ಮಿತಿಯೊಳಗೆ ಅನುಮತಿಯಿದೆ. ತೋಟವಿರುವ ಮನೆಯ ಮಕ್ಕಳು ಎರಡು ಅಣುಗಳನ್ನೂ ಮಣ್ಣಿನ ಉಂಡೆ, ಪೊರಕೆ ಕಡ್ಡಿಗಳಿಂದ ಮಾಡಿ ಅಪ್ಪನಿಗೆ ತೋರಿಸಿದರೆ, ನಮ್ಮ ಹತ್ತು ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡೀತು.

ಕಡೆಗೆ ಒಂದು ಆಟ ಉಳಿದಿದೆ. ಮದುವಣಗಿತ್ತಿಗೆ ಎತ್ತುವ ಕೆಂಪು ಆರತಿಯ ನೀರನ್ನು ಅಜ್ಜಿ ಹೇಗೆ ಮಾಡುತ್ತಾರೆಂದು ನೋಡಿದ್ದೀರಲ್ಲ: ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಅರಿಶಿನದ ಬಣ್ಣ ಕೊಡುವ ಕರ್ಕ್ಯುಮಿನ್ ಅಣುವಿನಲ್ಲಿ 21 ಇಂಗಾಲ, 20 ಜಲಜನಕ, 6 ಆಮ್ಲಜನಕ. ಅದು ಬೆಳಕಿನ ನೇರಿಳೆ ನೀಲಿಯನ್ನು ನುಂಗುವುದರಿಂದ ನಮಗೆ ಹಳದಿ ಕಾಣುತ್ತದೆ. ಸುಣ್ಣ ಅದರ ಜಲಜನಕವನ್ನು ಬರೀ ಧನ ವಿದ್ಯುತ್ತಾಗಿ ಕಿತ್ತುಕೊಂಡಾಗ ಅಣುವಿನ ಉದ್ದಕ್ಕೂ ಇಲೆಕ್ಟ್ರಾನುಗಳ ಹರವು ಬದಲಾಗಿ, ನುಂಗುವ ಬೆಳಕು ಬದಲಾಗಿ, ನೀರು ಕೆಂಪಾಗುತ್ತದೆ. ಈ ಬಣ್ಣವನ್ನೂ ಇಂದು ಗಣಕಯಂತ್ರ ಲೆಕ್ಕಹಾಕಿ ಹೇಳಬಲ್ಲದು. ಆರತಿ ಮುಗಿದ ಮೇಲೆ ಉಳಿದ ನೀರಿಗೆ ನಿಂಬೆರಸ ಹಿಂಡಿ ನೋಡಿ. ಸುಣ್ಣ ಕಣ್ಣಿಗೆ ಬೀಳದಂತೆ ದೊಡ್ಡವರು ಹತ್ತಿರವಿರಬೇಕು. ಮತ್ತೆ ಹಳದಿ ಬಂದರೆ, ಕಿತ್ತುಕೊಂಡ ಜಲಜನಕವನ್ನು ಯಾರು ಹಿಂದಕ್ಕೆ ಕೊಟ್ಟರೆಂದು ಅಜ್ಜಿಯನ್ನೇ ಕೇಳಿ. ಒಂದು ಕರ್ಕ್ಯುಮಿನ್ ಅಣುವಿನಲ್ಲಿ ಒಟ್ಟು ಇಲೆಕ್ಟ್ರಾನುಗಳೆಷ್ಟು ಎಂಬುದನ್ನು ಮಾತ್ರ ನೀವೇ ಕೂಡಿ. ಇಂಗಾಲಕ್ಕೆ 6, ಆಮ್ಲಜನಕಕ್ಕೆ 8, ಜಲಜನಕಕ್ಕೆ 1. ಉತ್ತರ 194 ಬರಬೇಕು.